ನಾಕು ಬೆರಳಿನ ಸಂದು

ಹಳೇದು ಗೇಣು ಹಾಕಿ ಮಾಡಿದ್ದು,
ಹೊಸಾದು ಮಿಲಿಮೀಟರ್‌ದಾಗ ಬಂದದ.
ಸರಪಳಿಗೆ ತೂಗಬಿಟ್ಟು ಕ್ಯಾಬಿನ್ ಇಳಿಸಿದ್ರ
ಎಡಕ್ಕ ಛಲೋ ಕೂತ್ತು,
ಬಲಕ್ಕ ನಾಕು ಬೆರಳು ಸಂದು ಉಳೀತು.
ಆ ಸಂದಿನಾಗಿಂದ ಶಹಾಬಾದದ ಬಿಸಿಲು
ಟೇಪು ಹಿಡದು ನಿಂತ ನನ್ನ ಹಣಿಕಿ ನೋಡ್ತು.

ಮಾರಿ ಅಂದ್ರ ಈ ಲಾರಿದೇ ಮಾರಿ:
ಮುಂದಕ ಚಾಚಿದ ಮೂಗು, ಎರಡು ದುಂಡ ದೀಪ,
ನಡುವ ಹಲ್ಲು ಕಿರದಂಥಾ ಜಾಳಗಿ,
ಸಾಗವಾನಿ ಬಾಗಲ. ಅದರ ಮ್ಯಾಲ
ತುಕ್ಕು ಹೆಸರು ತಿಂದು ಬಿಟ್ಟದ್ದು
‘ಸ್ಟೋನ್ ಕಂಪನಿ’ ಅಷ್ಟೇ.
ಫರ್ಸಿ ಹೊತ್ತ ಹಳೇ ಚೆಸ್ಸಿ ನಡು ಮುರದು
ಕಿಲೋ ಲೆಕ್ಕದಾಗ ಗುಜರಿಗೆ ಹೋಯ್ತು.
ಹೊಸಾದಕ್ಕ ಮೈತುಂಬ ವೈರು, ಬಗಲಾಗ ಯೂರಿಯಾ ಟಾಕಿ.
“ತೊಗರಿಗೇ ಸಿಗಲ್ಲ, ಲಾರಿಗಿ ಕುಡಸ್ತಾರಂತ!”
ಮೋನಪ್ಪ ಬಡಿಗೇರ ನಗ್ತಾನ,
ಹಲ್ಲಾಗ ಮೂರು ಮೊಳಿ ಕಚಗೊಂಡೇ.

ಆರ್‌ಟಿಓ ಸಾಹೇಬರ ಲೆಕ್ಕದಾಗ
ಲಾರಿ ಅಂದ್ರ ಚೆಸ್ಸಿ ಮ್ಯಾಲಿನ ಹದಿನೇಳು ಅಕ್ಷರ.
ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ್ರ ಮೂಡ್ತದಲ್ಲ, ಅದೇ ಹೆಸರು.
ಉಳದದ್ದೆಲ್ಲ ಅಂಗಿ.
ಹಂಗಾದ್ರ ನಾ ಮೂರು ತಿಂಗಳಿಂದ
ದರ್ಜಿ ಕೆಲಸ ಮಾಡ್ಲತ್ತೀನಿ.

ಸ್ಟೇರಿಂಗ್ ಕೋಲು ಹಳೇ ತೂತಿಗೆ ಬರಲಿಲ್ಲ,
ಎರಡು ಮೊಣಕೈ ಇಟ್ಟು ಮಡಚಿದೆ.
ಹಳೇ ಬೋರ್ಡಿಗೆ ಇದ್ದದ್ದು ಒಂದೇ ಕಣ್ಣು,
ಈಗ ಹನ್ನೊಂದು ದೀಪ,
ಬಾಗಲ ತೆರದದ, ಬಾಗಲ ತೆರದದ ಅಂತ ಒಂದು ಬಡಕೊಂತದ.
ಸಾಗವಾನಿ ಬಾಗಲಕ್ಕ ಸೆನ್ಸರ್ ಎಲ್ಲಿಂದ ತರ್ಲಿ?
ಎರಡು ವೈರು ಗಂಟ ಹಾಕಿ ಕಂಪ್ಯೂಟರಿಗೆ ಹೇಳೀನಿ:
ಮುಚ್ಯದ. ಅದು ನಂಬ್ಯದ.

ಸಂದಿಗೆ ಮೋನಪ್ಪ ಜಾಲಿ ಕಟಗಿ ಕೆತ್ತಿ ಕೊಟ್ಟ,
ಮ್ಯಾಲ ಹಳೇ ಟಾಯರಿನ ತುಂಡು.
“ಕಬ್ಬಿಣಕ್ಕ ಕಬ್ಬಿಣ ಒಗತನ ಮಾಡಲ್ಲ,
ನಡುವ ಒಂದಿಷ್ಟು ಮೆತ್ತಂದು ಬೇಕು” ಅಂದ.

ಎಲ್ಲಕ್ಕಿಂತ ಮೊದಲ ರಿಪೇರಿ ಮಾಡಿದ್ದು ಮಾತ್ರ ಹಾರ್ನು.
ತೋಳಿನಷ್ಟು ಉದ್ದ ಹಿತ್ತಾಳಿ.
ಹುಣಸಿಹಣ್ಣು ಹಚ್ಚಿ ತಿಕ್ಕಿ, ರಬ್ಬರ ಗಡ್ಡಿ ಹೊಸಾದು ಹಾಕಿ
ಸೋಮ್ಲಿಬಾಯಿ ಬಂದ ದಿನ ಜೋರಾಗಿ ಹಿಚಕಿದೆ.

ಮೂರು ಪಾಲಿಶ್ ಮಷೀನಿನ ಮಾಲಕಿ,
ಗುಜರಿಯವನ ಸಂಗಟ ಜಗಳಾಡಿ
ಈ ಮಾರಿ ಬಿಡಿಸಿಕೊಂಡು ಬಂದಾಕಿ.
ರೊಕ್ಕಿದ್ದವರ ಶೋಕಿ ಅನಕೊಂಡಿದ್ದೆ ನಾ.

ಗಬಕ್ಕನ ಎದ್ದು ನಿಂತಳು, ಕಾಲಾಗ ಚಪ್ಪಲಿಲ್ಲ.
ಬಲಗೈ ತಲಿ ಮ್ಯಾಲ ಹೋಗಿ
ಇಲ್ಲದ ಸಿಂಬಿ ಹುಡಕ್ತು.

ಆಮ್ಯಾಲ ಕೂತಳು. ನೀರು ಕುಡದಳು.
“ನಸುಕಿನ್ಯಾಗ ನಾಕಕ್ಕ ತಾಂಡಾದ ಬಾಯಿಗೆ ಬಂದು ಕೂಗ್ತಿತ್ತು.
ಮೂರನೇ ಕೂಗಿನ್ಯಾಗ ಹತ್ತದಿದ್ರ ಅವತ್ತಿನ ಪಗಾರಿಲ್ಲ.
ನಮ್ಮವ್ವ ರೊಟ್ಟಿ ಹಂಚಿನ ಮ್ಯಾಲೇ ಬಿಟ್ಟು ಓಡ್ತಿದ್ಳು,
ನಾ ಆಕಿ ಹಿಂದ,
ಆ ಹಲ್ಲು ನೋಡಕೋತ.
ಮಾರಿ ಇರ್ಲಿ ಉಸ್ತಾದ. ಅದರ ಕೀಲಿ
ನನ್ನ ಸೆರಗಿನ ಗಂಟಿನಾಗ ಇರ್ಬೇಕು.
ದನಿ ತಗೀರಿ.”

ತಗದೆ.
ಬೋಲ್ಟಿನ ಎರಡು ತೂತು ಉಳದಾವ.
ಬಣ್ಣ ತುಂಬ್ಲೇನು ಅಂದ್ರ ಬ್ಯಾಡ ಅಂದಳು.

ನಿನ್ನಿ ನಸುಕಿನ್ಯಾಗ ವಾಡಿ ರಸ್ತಾಕ ತಗದಳು ಗಾಡಿ.
ಲೈಸನ್ಸ್ ಮಾಡಿಸ್ಯಾಳಂತ ನನಗ ಆವಾಗೇ ಗೊತ್ತಾಯ್ತು.
ನಾ ಬಗಲಾಗ ಕೂತು
ಜಾಲಿ ಕಟಗಿಗೆ ಕಿವಿ ಕೊಟ್ಟಿದ್ದೆ.
ತಾಂಡಾ ಬಂತು. ಗೇರ್ ಇಳಿಸಿದಳು.
ಒಂದು ನಾಯಿ ತಲಿ ಎತ್ತಿ ನೋಡಿ ಮತ್ತ ಮಲಗ್ತು.
ಅಂಗಳದಾಗ, ಹೊರಸಿನ ಮ್ಯಾಲ, ಕೌದಿ ಒಳಗ,
ಯಾರೂ ಏಳಲಿಲ್ಲ.

ಕಟಗಿ ಕಿರ್ ಅಂತು ಒಂದು ಸಲ.
“ಇನ್ನೊಂದು ರಬ್ಬರ ತುಂಡು ಇಡ್ತೀನ್ರಿ” ಅಂದೆ.
ಆಕಿ ಕನ್ನಡಿ ನೋಡ್ಲತ್ತಿದ್ಳು.
ಹಳ್ಳದ ಸೇತುವಿ ತಂಕ ಹೋಗಿ
ಗಾಡಿ ತಿರುವಿ,
ಅದೇ ದಾರಿಲೆ ಇನ್ನೊಮ್ಮೆ ಹೊಡದಳು.